ಫೋಟೋ ತಿದ್ದುವ ತಂತ್ರಾಂಶ ಪದೇ ಪದೇ ಮುಚ್ಚಿಕೊಂಡರೆ: ಸೆಟ್ಟಿಂಗ್, ಡ್ರೈವರ್, ಚಿಪ್, ಯಾವುದಕ್ಕೆ ಮೊದಲು ಕೈ ಹಾಕಬೇಕು?

ಮದುವೆ ಆಲ್ಬಂನ ಹದಿನೇಳನೇ ಹಾಳೆಯಲ್ಲಿದ್ದೆ. ಧಾರೆ ಎರೆಯುವ ಚಿತ್ರದ ಅಂಚಿಗೆ ಆರತಿಯ ಚಿತ್ರವನ್ನು ಮೆಲ್ಲಗೆ ಕರಗಿಸುತ್ತಿರುವಾಗ ಪರದೆ ಕಪ್ಪಾಯಿತು. ಒಂದೆರಡು ಉಸಿರಿನಷ್ಟು ಹೊತ್ತು, ಅಷ್ಟೇ. ಬೆಳಕು ಮರಳಿದಾಗ ಡೆಸ್ಕ್‌ಟಾಪ್ ಇತ್ತು, ತೆರೆದಿಟ್ಟಿದ್ದ ಬ್ರೌಸರ್ ಇತ್ತು, ಹಾಡು ಕೂಡ ನಿಲ್ಲದೆ ಹರಿಯುತ್ತಿತ್ತು. ಚಿತ್ರ ತಿದ್ದುವ ತಂತ್ರಾಂಶ ಮಾತ್ರ ಇರಲಿಲ್ಲ. ಕೊನೆಯ ಸಲ ಸೇವ್ ಮಾಡಿ ನಲವತ್ತು ನಿಮಿಷವಾಗಿತ್ತು. ಹುಡುಗಿಯ ತಂದೆ ಮರುದಿನ ಬೆಳಿಗ್ಗೆ ಮಾದರಿ ನೋಡಲು ಬರುವವರಿದ್ದರು.

ಆ ರಾತ್ರಿ ಮೂವರು ಸ್ನೇಹಿತರಿಗೆ ಫೋನ್ ಮಾಡಿದೆ. ಮೂವರೂ ಹೇಳಿದ್ದು ಒಂದೇ: ತಂತ್ರಾಂಶ ತೆಗೆದು ಮತ್ತೆ ಹಾಕು. ಈ ಔಷಧಕ್ಕಿರುವಷ್ಟು ಜನಪ್ರಿಯತೆ ಬೇರೆ ಯಾವುದಕ್ಕೂ ಇಲ್ಲ. ಇಷ್ಟು ಕಡಿಮೆ ಗುಣವೂ ಬೇರೆ ಯಾವುದಕ್ಕೂ ಇಲ್ಲ. ಮತ್ತೆ ಹಾಕಿದಾಗ ಬದಲಾಗುವುದು ತಂತ್ರಾಂಶದ ಕಡತಗಳು. ತೊಂದರೆ ಪರದೆಗೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್‌ನಲ್ಲೋ, ವಿಂಡೋಸ್ ಮತ್ತು ಆ ಚಿಪ್ ನಡುವೆ ಮಾತು ದಾಟಿಸುವ ಡ್ರೈವರ್ ಎಂಬ ತಂತ್ರಾಂಶದಲ್ಲೋ ಇದ್ದರೆ ಅದು ಇದ್ದಲ್ಲೇ ಇರುತ್ತದೆ. ಎರಡು ಗಂಟೆ ಡೌನ್‌ಲೋಡ್ ಆದ ಮೇಲೆ ಅದೇ ಹಾಳೆ, ಅದೇ ಕತ್ತಲೆ.

ಅಂದಿನಿಂದ ಈಚೆಗೆ ನನ್ನ ಮೇಜಿನಲ್ಲೂ ಪರಿಚಯದ ಸ್ಟುಡಿಯೋಗಳಲ್ಲೂ ಇಂಥ ಕಾಯಿಲೆಗೆ ಹಲವು ಮದ್ದುಗಳನ್ನು ಪ್ರಯೋಗಿಸಿ ನೋಡಿದ್ದೇನೆ. ಯಾವುದು ಯಾರಿಗೆ ಹಿಡಿಸುತ್ತದೆ, ಯಾವುದಕ್ಕೆ ಏನು ಬೆಲೆ ತೆರಬೇಕು ಎಂಬ ಹೋಲಿಕೆ ಇಲ್ಲಿದೆ. ವಿಂಡೋಸ್ ಲ್ಯಾಪ್‌ಟಾಪ್ ಎಂದುಕೊಂಡೇ ಬರೆಯುತ್ತಿದ್ದೇನೆ; ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ನಾನು ಕಂಡದ್ದು ಹೆಚ್ಚಾಗಿ ಅದನ್ನೇ.

ಆ ಎರಡು ಸೆಕೆಂಡಿನಲ್ಲಿ ನಡೆದದ್ದು

ಗ್ರಾಫಿಕ್ಸ್ ಚಿಪ್‌ಗೆ ಕೆಲಸ ಕೊಟ್ಟ ಮೇಲೆ ವಿಂಡೋಸ್ ಗಡಿಯಾರ ನೋಡುತ್ತಾ ಕೂರುತ್ತದೆ. ಎರಡು ಸೆಕೆಂಡಿನೊಳಗೆ ಚಿಪ್ ಉತ್ತರ ಕೊಡದಿದ್ದರೆ ಅದು ಸಿಕ್ಕಿಹಾಕಿಕೊಂಡಿದೆ ಎಂದು ತೀರ್ಮಾನಿಸಿ ಡ್ರೈವರ್ ಅನ್ನು ಕೆಡವಿ ಮತ್ತೆ ಎಬ್ಬಿಸುತ್ತದೆ. ವಿಂಡೋಸ್ ವಿಸ್ತಾ ಕಾಲದಿಂದ ಬಂದಿರುವ ಈ ವ್ಯವಸ್ಥೆಯ ಚುಟುಕು ಹೆಸರು ಟಿಡಿಆರ್ (ಟೈಮ್ಔಟ್ ಡಿಟೆಕ್ಷನ್ ಅಂಡ್ ರಿಕವರಿ). ಅದಕ್ಕೂ ಮುಂಚೆ ಇಂಥ ಸಂದರ್ಭದಲ್ಲಿ ಇಡೀ ಯಂತ್ರವನ್ನೇ ಮತ್ತೆ ಚಾಲೂ ಮಾಡಬೇಕಾಗುತ್ತಿತ್ತು, ಆದ್ದರಿಂದ ಇದನ್ನು ದೂರುವ ಹಾಗಿಲ್ಲ. ಆದರೆ ಡ್ರೈವರ್ ಬಿದ್ದೆದ್ದಾಗ ಚಿಪ್‌ನ ನೆನಪಿನಲ್ಲಿದ್ದ ಚಿತ್ರವೆಲ್ಲ ಅಳಿದುಹೋಗುತ್ತದೆ. ಬ್ರೌಸರ್‌ನಂಥ ಹಗುರ ತಂತ್ರಾಂಶ ತನ್ನ ಪುಟವನ್ನು ಮತ್ತೆ ಬರೆದುಕೊಂಡು ಸುಧಾರಿಸಿಕೊಳ್ಳುತ್ತದೆ. ಹತ್ತಾರು ಲೇಯರ್ (ಒಂದರ ಮೇಲೊಂದು ಪೇರಿಸಿದ ಚಿತ್ರದ ಪದರ) ಹೊತ್ತುಕೊಂಡ ಫೋಟೋ ತಂತ್ರಾಂಶಕ್ಕೆ ಹಲವು ಸಲ ಅದು ಆಗುವುದಿಲ್ಲ.

ಹೊರೆಯ ಅಂದಾಜು ಬೇಕಿದ್ದರೆ ಆಲ್ಬಂ ಹಾಳೆಯನ್ನೇ ಲೆಕ್ಕ ಹಾಕಿ. 12 × 36 ಇಂಚಿನ ಹಾಳೆ, ಇಂಚಿಗೆ 300 ಚುಕ್ಕೆ: 3,600 ಗುಣಿಸು 10,800, ಅಂದರೆ ಸುಮಾರು 3.9 ಕೋಟಿ ಪಿಕ್ಸೆಲ್. ಎಂಟು ಬಿಟ್‌ನ ಒಂದು ಪೂರ್ತಿ ಲೇಯರ್‌ಗೆ ಸುಮಾರು 117 ಎಂಬಿ, ಹದಿನಾರು ಬಿಟ್ ಆದರೆ ಅದರ ಎರಡರಷ್ಟು. ಹಿನ್ನೆಲೆ, ನಾಲ್ಕು ಚಿತ್ರ, ಮಾಸ್ಕ್, ನೆರಳು, ಮೇಲೊಂದು ಬಂಗಾರದ ಚೌಕಟ್ಟು ಎಂದು ಪೇರಿಸಿದರೆ ಒಂದೇ ಹಾಳೆ ಒಂದು ಜಿಬಿಯ ಹತ್ತಿರ ಹೋಗುತ್ತದೆ. ಫೋಟೋಶಾಪ್‌ನ ಈಚಿನ ಆವೃತ್ತಿಗಳು ಗ್ರಾಫಿಕ್ಸ್‌ಗೆ ಕನಿಷ್ಠ 1.5 ಜಿಬಿ ನೆನಪು ಕೇಳುತ್ತವೆ, 4ಕೆ ಪರದೆಯಾದರೆ 4 ಜಿಬಿ. ಮದುವೆ ಮನೆಯವರು ಹೇಳುವ ‘ಇನ್ನೂ ಸ್ವಲ್ಪ ಗ್ರ್ಯಾಂಡ್ ಆಗಿರಲಿ’ ಎಂಬ ಮಾತಿನ ಭಾರ ಕೊನೆಗೆ ಬೀಳುವುದು ಬೆರಳುಗುರಿನಷ್ಟು ಚಿಪ್‌ನ ಮೇಲೆ.

ಮೊದಲು ಸಾಕ್ಷಿ

ಯಾವ ದಾರಿ ಹಿಡಿಯುವುದಕ್ಕೂ ಮುಂಚೆ ತಪ್ಪು ನಿಜವಾಗಿ ಗ್ರಾಫಿಕ್ಸ್‌ನದೇ ಎಂದು ಖಚಿತವಾಗಬೇಕು. ಅದಕ್ಕೆ ಅತಿ ಅಗ್ಗದ ಪರೀಕ್ಷೆ, ತಂತ್ರಾಂಶ ಚಿಪ್ ಅನ್ನು ಬಳಸದಂತೆ ಮಾಡಿ ಒಂದು ದಿನ ಅದೇ ಕೆಲಸ ಮಾಡುವುದು. ಫೋಟೋಶಾಪ್‌ನಲ್ಲಿ ‘ಎಡಿಟ್’ ಮೆನುವಿನ ‘ಪ್ರಿಫರೆನ್ಸಸ್’, ಅದರೊಳಗೆ ‘ಪರ್ಫಾರ್ಮೆನ್ಸ್’, ಅಲ್ಲಿ ‘ಯೂಸ್ ಗ್ರಾಫಿಕ್ಸ್ ಪ್ರೊಸೆಸರ್’ ಎಂಬುದರ ಗುರುತು ತೆಗೆದು ತಂತ್ರಾಂಶವನ್ನು ಮುಚ್ಚಿ ತೆರೆಯಿರಿ. ಲೈಟ್‌ರೂಮ್ ಕ್ಲಾಸಿಕ್‌ನಲ್ಲೂ ‘ಪರ್ಫಾರ್ಮೆನ್ಸ್’ ಹಾಳೆಯಲ್ಲೇ ಇದನ್ನು ‘ಆಫ್’ ಮಾಡಬಹುದು. ಬಹಳ ಜನ ಇದನ್ನು ಸೋಲೊಪ್ಪಿಕೊಂಡಂತೆ ಎಂದುಕೊಂಡು ಮಾಡುವುದೇ ಇಲ್ಲ. ವೈದ್ಯರು ಜ್ವರದ ಮಾಪಕ ಬಾಯಿಗಿಟ್ಟರೆ ಅದು ಚಿಕಿತ್ಸೆಯಲ್ಲವಲ್ಲ, ಇದೂ ಹಾಗೆಯೇ.

ಆಫ್ ಮಾಡಿದ ಮೇಲೂ ತಂತ್ರಾಂಶ ಬೀಳುತ್ತಲೇ ಇದ್ದರೆ ಈ ಬರಹದ ಮುಂದಿನ ಭಾಗದಿಂದ ನಿಮಗೆ ಹೆಚ್ಚು ಉಪಯೋಗವಿಲ್ಲ. ಆಗ ಅನುಮಾನಿಸಬೇಕಾದದ್ದು ಬೇರೆ: ತುಂಬಿ ತುಳುಕುವ ಸಿ ಡ್ರೈವ್, ಹಳೆಯ ಪ್ಲಗಿನ್, ಕೆಟ್ಟ ರ‍್ಯಾಮ್, ಮತ್ತು ನಮ್ಮ ಆಲ್ಬಂ ವಿನ್ಯಾಸಕರ ವಿಶೇಷ ಕಾಯಿಲೆಯಾದ ಫಾಂಟ್ ರಾಶಿ. ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹರಿದು ಬಂದ ಎರಡು ಸಾವಿರ ಫಾಂಟ್‌ಗಳಲ್ಲಿ ಒಂದು ಕಡತ ಕೆಟ್ಟಿದ್ದರೂ ಅಕ್ಷರದ ಉಪಕರಣ ಹಿಡಿದ ಕೂಡಲೇ ತಂತ್ರಾಂಶ ಮಲಗಬಹುದು. ಅದಕ್ಕೆ ಡ್ರೈವರ್ ಬದಲಿಸಿ ಪ್ರಯೋಜನವಿಲ್ಲ.

ಎರಡನೇ ಸಾಕ್ಷಿ ವಿಂಡೋಸ್ ಬಳಿಯೇ ಇದೆ. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಹುಡುಕಿದರೆ ದಿನವಾರು ಪಟ್ಟಿ ತೆರೆಯುತ್ತದೆ; ತಂತ್ರಾಂಶ ಬಿದ್ದ ದಿನ ಕೆಂಪು ಗುರುತು. ಅದರ ವಿವರದಲ್ಲಿ ತಪ್ಪಿತಸ್ಥ ಕಡತದ ಹೆಸರು ಬರೆದಿರುತ್ತದೆ. ಹೆಸರು ‘ಎನ್‌ವಿ’ ಎಂದು ಶುರುವಾದರೆ ಎನ್‌ವಿಡಿಯಾದ್ದು, ‘ಐಜಿ’ ಎಂದಾದರೆ ಇಂಟೆಲ್‌ನದು. ‘ಎಎಂಡಿ’ ಎಂದಿದ್ದರೆ ಹೇಳುವುದೇ ಬೇಡ. ‘ಎಟಿಐ’ ಎಂದು ಶುರುವಾದರೂ ಎಎಂಡಿಯದೇ, ಏಕೆಂದರೆ 2006ರಲ್ಲಿ ಕೊಂಡುಕೊಂಡ ಕಂಪನಿಯ ಹೆಸರು ಕಡತಗಳಲ್ಲಿ ಇನ್ನೂ ಉಳಿದಿದೆ. ವಿಂಡೋಸ್‌ನ ಘಟನೆಗಳ ದಾಖಲೆಯಾದ ಇವೆಂಟ್ ವ್ಯೂವರ್‌ನಲ್ಲಿ ‘ಡಿಸ್‌ಪ್ಲೇ’ ಮೂಲದ 4101 ಸಂಖ್ಯೆ ಕಂಡರೆ ನಾನು ಮೇಲೆ ಹೇಳಿದ ಎರಡು ಸೆಕೆಂಡಿನ ಕಥೆ ನಿಮ್ಮ ಮನೆಯಲ್ಲೂ ನಡೆದಿದೆ ಎಂದರ್ಥ.

ಈ ಪರೀಕ್ಷೆಗಳ ನಡುವೆ ಕೆಲಸ ಕಳೆದುಕೊಳ್ಳಬೇಡಿ. ಫೋಟೋಶಾಪ್ ಹತ್ತು ನಿಮಿಷಕ್ಕೊಮ್ಮೆ ಮರುಪಡೆಯುವ ಪ್ರತಿಯನ್ನು ಉಳಿಸಿಕೊಳ್ಳುತ್ತದೆ; ‘ಫೈಲ್ ಹ್ಯಾಂಡ್ಲಿಂಗ್’ನಲ್ಲಿ ಅದನ್ನು ಐದಕ್ಕೆ ಇಳಿಸಿ. ಲೈಟ್‌ರೂಮ್‌ನವರಿಗೆ ಈ ಭಯ ಕಡಿಮೆ, ಪ್ರತಿ ತಿದ್ದುಪಡಿಯೂ ಆಗಿಂದಾಗಲೇ ಕೆಟಲಾಗ್‌ಗೆ ಸೇರುತ್ತದೆ.

ಪೂರ್ತಿ ಆಫ್, ಅರ್ಧ ಆಫ್

ಆಫ್ ಮಾಡಿದಾಗ ತಂತ್ರಾಂಶ ನೆಟ್ಟಗೆ ನಿಂತಿತು ಎಂದುಕೊಳ್ಳಿ. ಹಾಗೆಯೇ ಮುಂದುವರಿಯಬಹುದೇ? ಕೆಲಸ ಏನು ಎಂಬುದರ ಮೇಲೆ ನಿಂತಿದೆ. ಫೋಟೋಶಾಪ್‌ನಲ್ಲಿ ಕ್ರಾಪ್, ಕರ್ವ್ಸ್, ಕ್ಲೋನ್, ಹೀಲಿಂಗ್, ಮಾಸ್ಕ್, ಅಕ್ಷರ ಬರೆಯುವುದು, ಸೇವ್ ಮಾಡುವುದು ಯಾವುದಕ್ಕೂ ಅಡ್ಡಿಯಿಲ್ಲ. ಹೋಗುವುದು ಕ್ಯಾನ್ವಾಸ್ ತಿರುಗಿಸುವ ‘ರೊಟೇಟ್ ವ್ಯೂ’, ಮೌಸ್ ಎಳೆದು ಹಿಗ್ಗಿಸುವ ‘ಸ್ಕ್ರಬಿ ಜೂಮ್’, ‘ಪರ್ಸ್ಪೆಕ್ಟಿವ್ ವಾರ್ಪ್’, ‘ಆಯಿಲ್ ಪೇಂಟ್’ ಇಂಥವು. ಪಾಸ್‌ಪೋರ್ಟ್ ಫೋಟೋ, ಆಧಾರ್ ಫೋಟೋ, ಹಳೆಯ ಚಿತ್ರಗಳ ದುರಸ್ತಿ ಮಾಡುವ ಸ್ಟುಡಿಯೋದವರಿಗೆ ಇವುಗಳ ಕೊರತೆ ಗೊತ್ತೂ ಆಗುವುದಿಲ್ಲ. ಅಂಥವರು ಇಲ್ಲಿಗೇ ನಿಲ್ಲಿಸಬಹುದು. ನಾನು ಹಾಗೆ ಹೇಳಿದರೆ ಕೆಲವರಿಗೆ ಬೇಸರ: ಇಷ್ಟು ಬೆಲೆ ಕೊಟ್ಟು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್ ತಂದು ಅದನ್ನು ಆಫ್ ಮಾಡಿಡುವುದೇ ಎಂದು. ಕೆಲಸ ಸಾಗುತ್ತಿದೆಯಲ್ಲ ಎನ್ನುವುದು ನನ್ನ ಉತ್ತರ.

ಕ್ಯಾಮೆರಾ ಕೊಡುವ ಸಂಸ್ಕರಿಸದ ‘ರಾ’ ಕಡತಗಳ ರಾಶಿ ಇಟ್ಟುಕೊಂಡವರಿಗೆ ಪೂರ್ತಿ ಆಫ್ ಕಷ್ಟ. ಲೈಟ್‌ರೂಮ್ ಚಿಪ್ ಅನ್ನು ಹಂತ ಹಂತವಾಗಿ ಬಳಸಲು ಕಲಿತಿದೆ: 2015ರಲ್ಲಿ ಪರದೆಗೆ ತೋರಿಸಲು, 2019ರಲ್ಲಿ ತಿದ್ದುಪಡಿಯ ಲೆಕ್ಕಕ್ಕೆ, 2022ರಲ್ಲಿ ಎಕ್ಸ್‌ಪೋರ್ಟ್‌ಗೆ. ಅದೇ ಕ್ರಮದಲ್ಲಿ ಬಿಚ್ಚಿಡಲೂ ಬರುತ್ತದೆ. ‘ಆಟೋ’ ಬದಲು ‘ಕಸ್ಟಮ್’ ಆರಿಸಿದರೆ ಈ ಮೂರೂ ಬೇರೆ ಬೇರೆ ಗುರುತುಗಳಾಗಿ ಕಾಣುತ್ತವೆ. ಎಂಟುನೂರು ಚಿತ್ರ ಎಕ್ಸ್‌ಪೋರ್ಟ್ ಮಾಡುವಾಗ ಮಾತ್ರ ಬೀಳುತ್ತಿದ್ದರೆ ಎಕ್ಸ್‌ಪೋರ್ಟ್ ಒಂದನ್ನೇ ಯಂತ್ರದ ಮುಖ್ಯ ಪ್ರೊಸೆಸರ್‌ಗೆ (ಸಿಪಿಯು) ಬಿಡಿ. ತಿದ್ದುವಾಗಿನ ವೇಗ ಹಾಗೇ ಉಳಿಯುತ್ತದೆ, ಎಕ್ಸ್‌ಪೋರ್ಟ್ ರಾತ್ರಿ ನಿದ್ದೆಯಲ್ಲಿ ಮುಗಿಯುತ್ತದೆ. ನನ್ನ ಮಟ್ಟಿಗೆ ಈ ಅರ್ಧ ಆಫ್ ಎಂಬುದು ಎಲ್ಲರೂ ಮರೆಯುವ, ಆದರೆ ಎಲ್ಲಕ್ಕಿಂತ ಲಾಭದ ದಾರಿ. 2023ರಲ್ಲಿ ಬಂದ, ಚಿತ್ರದಲ್ಲಿನ ಕಾಳುಕಾಳನ್ನು (ನಾಯ್ಸ್) ಕಳೆಯುವ ಎಐ ‘ಡಿನಾಯ್ಸ್’ ಇದಕ್ಕೊಂದು ಅಪವಾದ. ದುರ್ಬಲ ಚಿಪ್ ಇದ್ದರೆ ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಕಾಯಬೇಕು. ಮಂಟಪದ ಮಬ್ಬು ಬೆಳಕಿನಲ್ಲಿ ಐಎಸ್ಒ 6400ರಲ್ಲಿ ತೆಗೆದ ಇನ್ನೂರು ಚಿತ್ರಗಳಿಗೆ ಅದನ್ನು ಹಚ್ಚುವವರು ಚಿಪ್ ಇಲ್ಲದೆ ಬದುಕಲಾರರು.

ಬೇರೆ ತಂತ್ರಾಂಶಗಳಲ್ಲೂ ಇಂಥ ಗುಂಡಿಗಳಿವೆ. ಕ್ಯಾಪ್ಚರ್ ಒನ್‌ನಲ್ಲಿ ಪ್ರದರ್ಶನಕ್ಕೂ ಸಂಸ್ಕರಣೆಗೂ ಬೇರೆ ಬೇರೆ ‘ಆಟೋ’, ‘ನೆವರ್’ ಇದೆ. ಡಾರ್ಕ್‌ಟೇಬಲ್‌ನಲ್ಲಿ ಚಿಪ್‌ಗೆ ಕೆಲಸ ಒಪ್ಪಿಸುವ ಓಪನ್‌ಸಿಎಲ್ ಎಂಬ ಆಯ್ಕೆಯನ್ನು ತೆಗೆದರೆ ಸಾಕು. ಅಫಿನಿಟಿ ಫೋಟೋದಲ್ಲಿ ಗ್ರಾಫಿಕ್ಸ್ ಚಿಪ್ ಬದಲು ಪ್ರೊಸೆಸರ್‌ನಲ್ಲೇ ಚಿತ್ರ ಬಿಡಿಸುವ ‘ವಾರ್ಪ್’ ಎಂಬ ಮೈಕ್ರೋಸಾಫ್ಟ್‌ನ ತಂತ್ರಾಂಶವನ್ನು ಆರಿಸಬಹುದು. ನಿಧಾನ, ಆದರೆ ಬೀಳುವುದಿಲ್ಲ.

ಒಂದು ಮನೆಯಲ್ಲಿ ಎರಡು ಒಲೆ

ಗೇಮಿಂಗ್ ಲ್ಯಾಪ್‌ಟಾಪ್ ಎಂದು ಮಾರುವ ಬಹುಪಾಲು ಯಂತ್ರಗಳಲ್ಲಿ ಚಿಪ್ ಎರಡು: ಪ್ರೊಸೆಸರ್‌ನೊಳಗೇ ಸೇರಿರುವ ಪುಟ್ಟದು, ಮತ್ತು ಪ್ರತ್ಯೇಕವಾಗಿ ಕೂರಿಸಿದ ದೊಡ್ಡದು. ಬ್ಯಾಟರಿ ಉಳಿಸಲು ಯಂತ್ರ ತಾನೇ ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ. ಎನ್‌ವಿಡಿಯಾ 2010ರಲ್ಲಿ ಆಪ್ಟಿಮಸ್ ಎಂಬ ಹೆಸರಿನಲ್ಲಿ ಈ ಜಾರುವಿಕೆಯನ್ನು ಕಣ್ಣಿಗೆ ಕಾಣದಷ್ಟು ನಯವಾಗಿಸಿತು. ನಯವಾದದ್ದೇ ತೊಡಕು ಕೂಡ, ಏಕೆಂದರೆ ಈಗ ಯಾವ ಒಲೆಯ ಮೇಲೆ ಅನ್ನ ಬೇಯುತ್ತಿದೆ ಎಂದು ನಮಗೆ ತಿಳಿಯುವುದಿಲ್ಲ. ಫೋಟೋಶಾಪ್ ಎರಡನ್ನೂ ಜೋಡಿಸಿ ದುಡಿಸಿಕೊಳ್ಳುವುದಿಲ್ಲ. ಎರಡು ಚಿಪ್, ಎರಡು ಡ್ರೈವರ್ ಎಂದರೆ ಎರಡರಷ್ಟು ಶಕ್ತಿ ಎಂದು ಭಾವಿಸಬೇಡಿ. ಎರಡರಷ್ಟು ಜಗಳದ ಸಾಧ್ಯತೆ.

ಆದ್ದರಿಂದ ಆಯ್ಕೆಯನ್ನು ಯಂತ್ರಕ್ಕೆ ಬಿಡದೆ ನಾವೇ ಮಾಡಬೇಕು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಂ’, ‘ಡಿಸ್‌ಪ್ಲೇ’, ‘ಗ್ರಾಫಿಕ್ಸ್’ ಎಂದು ಹೋದರೆ ತಂತ್ರಾಂಶಕ್ಕೊಂದರಂತೆ ‘ಪವರ್ ಸೇವಿಂಗ್’ ಅಥವಾ ‘ಹೈ ಪರ್ಫಾರ್ಮೆನ್ಸ್’ ಗೊತ್ತುಮಾಡಬಹುದು. ಮೊದಲನೆಯದು ಒಳಗಿನ ಚಿಪ್, ಎರಡನೆಯದು ಪ್ರತ್ಯೇಕ ಚಿಪ್. ಹಳೆಯ ಮಾರ್ಗದರ್ಶಿಗಳು ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇದನ್ನು ಮಾಡಲು ಹೇಳುತ್ತವೆ. 2018ರ ನಂತರದ ವಿಂಡೋಸ್ 10ರಲ್ಲೂ 11ರಲ್ಲೂ ಈ ಸೆಟ್ಟಿಂಗ್‌ನಲ್ಲೇ ಮಾಡುವುದು ಲೇಸು.

ಯಾವುದನ್ನು ಆರಿಸಬೇಕು? ದೊಡ್ಡ ಲೇಯರ್, ಎಐ ಕೆಲಸ ಇದ್ದರೆ ಪ್ರತ್ಯೇಕ ಚಿಪ್. ರಿಲಯಬಿಲಿಟಿ ಪಟ್ಟಿಯಲ್ಲಿ ‘ಎನ್‌ವಿ’ ಹೆಸರು ಮತ್ತೆ ಮತ್ತೆ ಬರುತ್ತಿದ್ದು, ಕೆಲಸ ಹಗುರವಾಗಿದ್ದರೆ ಒಳಗಿನ ಚಿಪ್. ಒಳಗಿನದಕ್ಕೆ ಸ್ವಂತ ನೆನಪಿಲ್ಲ, ಲ್ಯಾಪ್‌ಟಾಪ್‌ನ ರ‍್ಯಾಮ್ ಅನ್ನೇ ಹಂಚಿಕೊಳ್ಳುತ್ತದೆ. ಹಾಗಾಗಿ ಒಂದೇ 8 ಜಿಬಿ ಪಟ್ಟಿ ಹಾಕಿ ಮಾರಿದ ಯಂತ್ರದಲ್ಲಿ ಅದು ಏದುಸಿರು ಬಿಡುತ್ತದೆ. ಒಳಗಿನ ಚಿಪ್ ಇಂಟೆಲ್‌ನ ಐರಿಸ್ ಎಕ್ಸ್‌ಇ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಒಂದೇ ಪಟ್ಟಿ ಇದ್ದರೆ ಅದು ಯಂತ್ರದ ಭಾಗಗಳನ್ನು ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಬರೀ ಯುಎಚ್‌ಡಿ ಗ್ರಾಫಿಕ್ಸ್ ಎಂದು ತೋರಿಸಿಕೊಳ್ಳುತ್ತದೆ. ಎರಡನೇ ಪಟ್ಟಿ ಸೇರಿಸಿದ ದಿನ ಹೆಸರೂ ಬದಲಾಗುತ್ತದೆ, ನಡೆಯೂ ಬದಲಾಗುತ್ತದೆ. ಹೊಸ ಲ್ಯಾಪ್‌ಟಾಪ್ ಯೋಚಿಸುವ ಮುಂಚೆ ಖಾಲಿ ಕಿಂಡಿ ಇದೆಯೇ ನೋಡಿ.

ಕೆಲವು ಮಾದರಿಗಳಲ್ಲಿ ಮೂರನೇ ದಾರಿಯಿದೆ: ತಯಾರಕರ ತಂತ್ರಾಂಶದಲ್ಲೋ ವಿಂಡೋಸ್‌ಗೂ ಮುಂಚೆ ಏಳುವ ಬಯಾಸ್‌ನಲ್ಲೋ ಒಳಗಿನ ಚಿಪ್ ಅನ್ನು ಬದಿಗೊತ್ತಿ ಪ್ರತ್ಯೇಕ ಚಿಪ್ ಒಂದನ್ನೇ ಬಳಸುವುದು. ಮಕ್ಸ್ ಸ್ವಿಚ್ ಎಂದು ಅದಕ್ಕೆ ಹೆಸರು. ಜಗಳಕ್ಕೆ ಎರಡನೆಯವರೇ ಇಲ್ಲದ ಮೇಲೆ ಕ್ರ್ಯಾಶ್‌ಗಳು ನಿಂತದ್ದನ್ನು ನೋಡಿದ್ದೇನೆ. ಬ್ಯಾಟರಿ ಬೇಗ ಇಳಿಯುತ್ತದೆ ನಿಜ. ಆದರೆ ಆಲ್ಬಂ ಮಾಡುವವರು ಚಾರ್ಜರ್ ಕಿತ್ತು ಎಲ್ಲಿಗೆ ಹೋಗಬೇಕು?

ನನ್ನ ಹದಿನೇಳನೇ ಹಾಳೆಯ ಗುಟ್ಟೂ ಇಲ್ಲೇ ಇತ್ತು. ಬಣ್ಣ ನೋಡಲು ಹೊರಗಿನ ಮಾನಿಟರ್ ಅನ್ನು ಎಚ್‌ಡಿಎಂಐಗೆ ಜೋಡಿಸಿದ್ದೆ. ಇಂಥ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಕಿಂಡಿ ನೇರವಾಗಿ ಪ್ರತ್ಯೇಕ ಚಿಪ್‌ಗೆ ಸೇರಿರುತ್ತದೆ, ಲ್ಯಾಪ್‌ಟಾಪ್‌ನ ಸ್ವಂತ ಪರದೆ ಒಳಗಿನ ಚಿಪ್‌ಗೆ. ಕಿಟಕಿಯನ್ನು ಈ ಪರದೆಯಿಂದ ಆ ಪರದೆಗೆ ಎಳೆದಾಗಲೆಲ್ಲ ಕೆಲಸ ಒಂದು ಚಿಪ್‌ನಿಂದ ಇನ್ನೊಂದಕ್ಕೆ ದಾಟುತ್ತಿತ್ತು. ಮಾನಿಟರ್ ಕಿತ್ತು ಅರ್ಧ ದಿನ ಕೆಲಸ ಮಾಡಿದೆ, ಒಮ್ಮೆಯೂ ಬೀಳಲಿಲ್ಲ. ಪರೀಕ್ಷಿಸುವವರು ಚಾರ್ಜರ್ ಹಾಕಿ, ಚಾರ್ಜರ್ ತೆಗೆದು, ಮಾನಿಟರ್ ಸಹಿತ, ಮಾನಿಟರ್ ರಹಿತ, ಹೀಗೆ ನಾಲ್ಕೂ ಬಗೆಯಲ್ಲಿ ನೋಡಬೇಕು.

ಯಾವ ಡ್ರೈವರ್?

ಮಾನಿಟರ್ ಕಿತ್ತರೆ ನಿಲ್ಲುತ್ತದೆ ಎಂದು ಗೊತ್ತಾಯಿತು, ಆದರೆ ಹಿಂದಿನ ವರ್ಷವೆಲ್ಲ ಅದೇ ಮಾನಿಟರ್‌ನಲ್ಲಿ ತೊಂದರೆ ಇರಲಿಲ್ಲವಲ್ಲ. ರಿಲಯಬಿಲಿಟಿ ಪಟ್ಟಿ ನೋಡಿದರೆ ಒಂಬತ್ತು ದಿನ ಮುಂಚೆ ಅಪ್‌ಡೇಟ್ ಜೊತೆ ಹೊಸ ಡ್ರೈವರ್ ತಾನಾಗಿ ಬಂದು ಕುಳಿತಿತ್ತು. ಹೀಗೆ ‘ನಿನ್ನೆ ತನಕ ಚೆನ್ನಾಗಿತ್ತು’ ಎನ್ನುವವರಿಗೆ ಮೊದಲ ಆಯ್ಕೆ ಹಿಂದಕ್ಕೆ ಹೋಗುವುದು. ಡಿವೈಸ್ ಮ್ಯಾನೇಜರ್‌ನಲ್ಲಿ ಚಿಪ್‌ನ ಹೆಸರಿನ ಮೇಲೆ ಎರಡು ಸಲ ಒತ್ತಿ, ‘ಡ್ರೈವರ್’ ಹಾಳೆಯಲ್ಲಿ ‘ರೋಲ್ ಬ್ಯಾಕ್’. ಐದು ನಿಮಿಷದ ಕೆಲಸ, ಹಣ ಖರ್ಚಿಲ್ಲ, ಸರಿಹೋಗದಿದ್ದರೆ ಮತ್ತೆ ಮುಂದಕ್ಕೆ ಬರಬಹುದು. ಆ ಗುಂಡಿ ಮಸುಕಾಗಿದ್ದರೆ ಹಿಂದಿನ ಪ್ರತಿ ಯಂತ್ರದಲ್ಲಿ ಇಲ್ಲವೆಂದು ಅರ್ಥ.

‘ಮೊದಲಿನಿಂದಲೂ ಹೀಗೇ’ ಎನ್ನುವವರಿಗೆ ಎದುರಿನ ದಿಕ್ಕು, ಹೊಸದಕ್ಕೆ ಹೋಗುವುದು. ಎನ್‌ವಿಡಿಯಾದಲ್ಲಿ ಎರಡು ಸರಣಿಗಳು ಸಿಗುತ್ತವೆ. ‘ಗೇಮ್ ರೆಡಿ’ ಹೊಸ ಆಟ ಬಿಡುಗಡೆಯಾದಾಗಲೆಲ್ಲ ಓಡಿ ಬರುತ್ತದೆ. 2019ರಲ್ಲಿ ಶುರುವಾದ ‘ಸ್ಟುಡಿಯೋ’ ಸರಣಿಯನ್ನು ಫೋಟೋ, ವಿಡಿಯೋ ತಂತ್ರಾಂಶಗಳೊಂದಿಗೆ ಪರೀಕ್ಷಿಸಿ ನಿಧಾನವಾಗಿ ಬಿಡುತ್ತಾರೆ. ಚಿತ್ರ ತಿದ್ದುವವರು ಎರಡನೆಯದನ್ನೇ ಹಾಕಿಕೊಳ್ಳಬೇಕು. ವೇಗದಲ್ಲಿ ದೊಡ್ಡ ವ್ಯತ್ಯಾಸ ನಾನು ಕಂಡಿಲ್ಲ. ಬದಲಾವಣೆ ಕಡಿಮೆ ಎಂಬುದೇ ಅದರ ಗುಣ. ಸುಗ್ಗಿ ಕಾಲದಲ್ಲಿ ಎತ್ತು ಬದಲಿಸುವುದಿಲ್ಲವಲ್ಲ, ಮದುವೆ ಸೀಸನ್‌ನಲ್ಲಿ ಡ್ರೈವರ್ ಕೂಡ ಹಾಗೆಯೇ.

ಇನ್ನೊಂದು ಗೊಂದಲ ಲ್ಯಾಪ್‌ಟಾಪ್ ತಯಾರಕರು ಕೊಡುವ ಡ್ರೈವರ್ ಮೇಲೋ, ಚಿಪ್ ತಯಾರಕರದು ಮೇಲೋ ಎಂಬುದು. ಲ್ಯಾಪ್‌ಟಾಪ್‌ನವರದು ಸಾಮಾನ್ಯವಾಗಿ ವರ್ಷ, ಎರಡು ವರ್ಷ ಹಳೆಯದು. ಆದರೆ ಆ ಮಾದರಿಯ ಎರಡು ಚಿಪ್‌ಗಳ ಜಾರುವಿಕೆ, ಪರದೆಯ ಬೆಳಕು, ನಿದ್ದೆಯಿಂದ ಏಳುವುದು ಇವುಗಳಿಗೆ ಹೊಂದಿಸಿದ್ದು. ನಿದ್ದೆಯಿಂದ ಎದ್ದ ಮೇಲೆ, ಚಾರ್ಜರ್ ಹಾಕಿದ ಮೇಲೆ ಬೀಳುವ ತೊಂದರೆಗಳಿಗೆ ಹಳೆಯದೇ ಮದ್ದು. ತಂತ್ರಾಂಶದ ಹೊಸ ಸೌಲಭ್ಯ ಮುಟ್ಟಿದಾಗ ಬೀಳುತ್ತಿದ್ದರೆ ಚಿಪ್ ತಯಾರಕರ ಹೊಸದು ಬೇಕು. ಇಂಟೆಲ್‌ನ 6ರಿಂದ 10ನೇ ತಲೆಮಾರಿನ ಪ್ರೊಸೆಸರ್ ಇರುವವರಿಗೆ ಒಂದು ಮಾತು: ಅವುಗಳ ಗ್ರಾಫಿಕ್ಸ್ ಅನ್ನು ಕಂಪನಿ 2022ರಲ್ಲೇ ಹಳೆಯ ಸಾಮಾನುಗಳ ಪಟ್ಟಿಗೆ ಸೇರಿಸಿತು, ತುರ್ತು ದುರಸ್ತಿಯ ಹೊರತು ಹೊಸದೇನೂ ಬರುವುದಿಲ್ಲ. ಅಲ್ಲಿ ಹೊಸ ಡ್ರೈವರ್ ಹುಡುಕುತ್ತಾ ಕೂರುವುದಕ್ಕಿಂತ ಅರ್ಧ ಆಫ್ ಮಾಡಿಕೊಳ್ಳುವುದು ಜಾಣತನ.

ಡ್ರೈವರ್‌ನ ಮೇಲೆ ಡ್ರೈವರ್ ಪೇರಿಸಿದ ಯಂತ್ರಗಳಿಗೆ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಎಂಬ ಉಚಿತ ಸಾಧನವಿದೆ, ವಿಂಡೋಸ್ ತೀರಾ ಅಗತ್ಯವಾದದ್ದನ್ನಷ್ಟೇ ಎಬ್ಬಿಸುವ ಸೇಫ್ ಮೋಡ್‌ನಲ್ಲಿ ನಡೆಸಿದರೆ ಹಳೆಯದರ ಬೇರು ಸಮೇತ ಕೀಳುತ್ತದೆ. ಹಚ್ಚುವ ಮುಂಚೆ ಹೊಸ ಡ್ರೈವರ್ ಅನ್ನು ಇಳಿಸಿಕೊಂಡು ಇಂಟರ್ನೆಟ್ ಕಡಿದುಬಿಡಿ, ಇಲ್ಲದಿದ್ದರೆ ವಿಂಡೋಸ್ ತನಗೆ ತೋಚಿದ್ದನ್ನು ತಂದು ಹಾಕುತ್ತದೆ. ವಿಂಡೋಸ್ 11ರ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬೀಗ ಇರುತ್ತದೆ. ಸೇಫ್ ಮೋಡ್‌ಗೆ ಹೋದಾಗ ಬಿಟ್‌ಲಾಕರ್‌ನ ಉದ್ದನೆಯ ಸಂಖ್ಯೆ ಕೇಳಿದರೆ ಗಾಬರಿಯಾಗಬಾರದು. ಮೊದಲೇ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಸಂಖ್ಯೆ ನೋಡಿ ಬರೆದಿಟ್ಟುಕೊಳ್ಳಿ. ನಾನು ಇದನ್ನು ಕಲಿತದ್ದು ರಾತ್ರಿ ಹನ್ನೊಂದೂವರೆಗೆ, ಸುಲಭದಲ್ಲಿ ಅಲ್ಲ.

ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಉಗ್ರಾಣವಾದ ರಿಜಿಸ್ಟ್ರಿಯಲ್ಲಿ ಟಿಡಿಆರ್ ಗಡುವನ್ನು ಎರಡು ಸೆಕೆಂಡಿನಿಂದ ಎಂಟಕ್ಕೋ ಹತ್ತಕ್ಕೋ ಏರಿಸುವ ಉಪಾಯವೂ ಚಾಲ್ತಿಯಲ್ಲಿದೆ. ದುರ್ಬಲ ಚಿಪ್ ಭಾರದ ಎಐ ಕೆಲಸವನ್ನು ಮಾಡುತ್ತಲೇ ಇದ್ದು ಉತ್ತರಕ್ಕೆ ತಡವಾಗುವ ಸಂದರ್ಭದಲ್ಲಿ ಇದು ಕೆಲಸ ಮಾಡುತ್ತದೆ. ಚಿಪ್ ನಿಜವಾಗಿ ಸಿಕ್ಕಿಹಾಕಿಕೊಂಡಿದ್ದರೆ ಕಪ್ಪು ಪರದೆಯನ್ನು ಎರಡರ ಬದಲು ಹತ್ತು ಸೆಕೆಂಡ್ ನೋಡುತ್ತೀರಿ, ಅಷ್ಟೇ ಲಾಭ. ಕೊನೆಯ ಪ್ರಯೋಗವಾಗಿ ಮಾತ್ರ ಇಟ್ಟುಕೊಳ್ಳಿ.

ತಂತ್ರಾಂಶವನ್ನೇ ಬದಲಿಸಿದರೆ?

ರಾ ಥೆರಪಿ ಪೂರ್ತಿಯಾಗಿ ಪ್ರೊಸೆಸರ್ ಮೇಲೆ ನಡೆಯುತ್ತದೆ, ಗ್ರಾಫಿಕ್ಸ್ ಚಿಪ್‌ನ ಕಾಯಿಲೆ ಅದಕ್ಕೆ ಅಂಟುವುದೇ ಕಡಿಮೆ. ಉಚಿತ ಕೂಡ. ಡಾರ್ಕ್‌ಟೇಬಲ್ ಉಚಿತವೇ, ಚಿಪ್ ಇದ್ದರೆ ಬಳಸುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ನಾಯ್ಸ್ ಕಳೆಯುವ, ಹರಿತಗೊಳಿಸುವ ಭಾರದ ಮಾಡ್ಯೂಲ್‌ಗಳಲ್ಲಿ ಮಾತ್ರ ತಾಳ್ಮೆ ಬೇಕು. 2025ರಲ್ಲಿ ಬಂದ ಗಿಂಪ್ 3.0ರಲ್ಲಿ ಲೇಯರ್ ಪರಿಣಾಮಗಳನ್ನು ಮೂಲ ಕೆಡದಂತೆ ಹಚ್ಚಬಹುದು. ಸ್ವಂತ ಹವ್ಯಾಸಕ್ಕೆ ತಿದ್ದುವವರಿಗೆ ಈ ದಾರಿ ಚೆನ್ನ. ಆಲ್ಬಂ ವೃತ್ತಿಯವರಿಗೆ ಹೇಳಲಾರೆ: ಕೊಂಡು ತಂದ ಪಿಎಸ್‌ಡಿ (ಫೋಟೋಶಾಪ್ ಕಡತ) ವಿನ್ಯಾಸಗಳು, ಲ್ಯಾಬ್‌ನವರು ಕೇಳುವ ಕಡತ, ಬೆರಳಿಗೆ ಅಂಟಿದ ಶಾರ್ಟ್‌ಕಟ್‌ಗಳು ಎಲ್ಲವೂ ಒಂದೇ ತಂತ್ರಾಂಶಕ್ಕೆ ಕಟ್ಟಿಹಾಕಿರುತ್ತವೆ.

ಇಷ್ಟು ಹೊತ್ತು ಹೇಳದೆ ಉಳಿಸಿದ ಮಾತೊಂದಿದೆ. ಕ್ರ್ಯಾಕ್ ಮಾಡಿದ ಹಳೆಯ ಪ್ರತಿಯನ್ನು ಹೊಸ ಡ್ರೈವರ್ ಮೇಲೆ ಓಡಿಸುವವರಿಗೆ ಮೇಲಿನ ಯಾವ ಹೋಲಿಕೆಯೂ ಪೂರ್ತಿ ಅನ್ವಯಿಸುವುದಿಲ್ಲ. ತಂತ್ರಾಂಶ ಒಂದು ಕಾಲದ್ದು, ಡ್ರೈವರ್ ಇನ್ನೊಂದು ಕಾಲದ್ದು, ನಡುವೆ ದುರಸ್ತಿ ಬರುವ ದಾರಿಯೂ ಇಲ್ಲ. ಅವರು ಗುರುತು ತೆಗೆದು ದುಡಿಯಬೇಕು ಅಥವಾ ಉಚಿತ ತಂತ್ರಾಂಶಗಳತ್ತ ಬರಬೇಕು.

ಚಿಪ್ಪೇ ಕೆಟ್ಟಿದ್ದರೆ

ಎರಡನೇ ರ‍್ಯಾಮ್ ಪಟ್ಟಿಯೊಂದನ್ನು ಬಿಟ್ಟರೆ ಇಲ್ಲಿಯವರೆಗಿನ ಯಾವುದಕ್ಕೂ ಹಣ ಖರ್ಚಾಗಿಲ್ಲ. ಇನ್ನು ಮುಂದೆ ಆಗುತ್ತದೆ, ಆದ್ದರಿಂದ ಎರಡು ಪರೀಕ್ಷೆ ಹೆಚ್ಚಿಗೆ. ಪರದೆಯ ಮೇಲೆ ಬಣ್ಣದ ಚುಕ್ಕೆ, ಗೆರೆ, ಚೌಕಳಿ ಕಾಣುತ್ತಿದ್ದರೆ ಹೊರಗಿನ ಮಾನಿಟರ್ ಜೋಡಿಸಿ. ಅಲ್ಲೂ ಅದೇ ಗೆರೆ ಇದ್ದರೆ ಚಿಪ್ ಅಥವಾ ಡ್ರೈವರ್. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದ್ದರೆ ಪರದೆ ಅಥವಾ ಕೀಲಿನ ಬಳಿಯ ತೆಳು ಕೇಬಲ್, ಸಣ್ಣ ಖರ್ಚಿನ ದುರಸ್ತಿ. ಇನ್ನೊಂದು, ಯಂತ್ರ ಶುರುವಾಗುವಾಗ ವಿಂಡೋಸ್ ಬರುವ ಮುಂಚಿನ ಬಯಾಸ್ ಪರದೆಯಲ್ಲೇ ಚುಕ್ಕೆಗಳಿದ್ದರೆ ಡ್ರೈವರ್ ನಿರಪರಾಧಿ. ಆ ಹೊತ್ತಿಗೆ ಅದು ಇನ್ನೂ ಎದ್ದೇ ಇರುವುದಿಲ್ಲ.

ಚುಕ್ಕೆಗಳಿಲ್ಲ, ಆದರೆ ಅರ್ಧ ಗಂಟೆ ಕೆಲಸ ಮಾಡಿದ ಮೇಲಷ್ಟೇ ಬೀಳುತ್ತದೆ, ಫ್ಯಾನ್ ಕೂಗುತ್ತದೆ ಎಂದಾದರೆ ಬಿಸಿಯನ್ನು ಶಂಕಿಸಿ. ಟಾಸ್ಕ್ ಮ್ಯಾನೇಜರ್‌ನ ‘ಪರ್ಫಾರ್ಮೆನ್ಸ್’ ಹಾಳೆಯಲ್ಲಿ ಪ್ರತ್ಯೇಕ ಚಿಪ್‌ನ ಉಷ್ಣತೆ ಕಾಣುತ್ತದೆ. ಕ್ರ್ಯಾಶ್‌ಗೆ ಮುಂಚೆ ಅದು 85 ಡಿಗ್ರಿ ದಾಟಿ ಅಲ್ಲೇ ನಿಂತಿದ್ದರೆ ಒಳಗೆ ದೂಳು ಕಟ್ಟಿಕೊಂಡಿರಬಹುದು, ಚಿಪ್‌ನ ಬಿಸಿಯನ್ನು ಹೊರಗೆ ದಾಟಿಸುವ ಪೇಸ್ಟ್ ಒಣಗಿರಬಹುದು. ಬಿಚ್ಚಿ ಶುಚಿ ಮಾಡಿ ಹೊಸ ಥರ್ಮಲ್ ಪೇಸ್ಟ್ ಹಾಕಿಸುವುದು ಒಂದು ಆಲ್ಬಂ ಕೆಲಸದ ಸಂಭಾವನೆಗಿಂತ ಎಷ್ಟೋ ಕಡಿಮೆಯಲ್ಲಿ ಆಗುತ್ತದೆ. ಬಯಲುಸೀಮೆಯ ಕೆಂಪು ದೂಳಿನ ಊರುಗಳಲ್ಲಿ ವರ್ಷಕ್ಕೊಮ್ಮೆ ಇದನ್ನು ಮಾಡಿಸುವುದು ಒಳ್ಳೆಯದು. ಹಾಸಿಗೆಯ ಮೇಲಿಟ್ಟು ಕೆಲಸ ಮಾಡುವವರು ಕೇಳಿಸಿಕೊಳ್ಳುವುದಿಲ್ಲ, ಹೇಳಿ ಪ್ರಯೋಜನವಿಲ್ಲ.

ಚಿಪ್ ಕೆಟ್ಟದ್ದೇ ಖಚಿತವಾದಾಗ ಎದುರಾಗುವ ಆಯ್ಕೆ, ಚಿಪ್ ಮಟ್ಟದ ದುರಸ್ತಿಯೋ ಬೋರ್ಡ್ ಬದಲಾವಣೆಯೋ. ಬೆಂಗಳೂರಿನ ಎಸ್.ಪಿ. ರಸ್ತೆಯ ಸುತ್ತಮುತ್ತ ಬಿಸಿಗಾಳಿ ಯಂತ್ರ ಇಟ್ಟುಕೊಂಡವರಿಗೆ ಬರವಿಲ್ಲ. ಅವರು ಚಿಪ್‌ಗೆ ಬಿಸಿ ಕೊಡುತ್ತಾರೆ ಅಥವಾ ಕೆಳಗಿನ ಬೆಸುಗೆಯ ಗುಂಡುಗಳನ್ನು ಬದಲಿಸಿ ಕೂರಿಸುತ್ತಾರೆ. ಇದು ಯಾವಾಗ ಉಳಿಯುತ್ತದೆ, ಯಾವಾಗ ಉಳಿಯುವುದಿಲ್ಲ ಎಂಬುದಕ್ಕೆ ಒಂದು ಹಳೆಯ ಪ್ರಕರಣ ಪಾಠ. 2008ರಲ್ಲಿ ಎನ್‌ವಿಡಿಯಾ ತನ್ನ ಲ್ಯಾಪ್‌ಟಾಪ್ ಚಿಪ್‌ಗಳ ಒಂದು ತಲೆಮಾರಿನಲ್ಲಿ ಕಟ್ಟುವ ಸಾಮಗ್ರಿ ದುರ್ಬಲವಾಗಿದ್ದುದನ್ನು ಒಪ್ಪಿ, ದುರಸ್ತಿ ಖರ್ಚಿಗೆಂದು 15ರಿಂದ 20 ಕೋಟಿ ಡಾಲರ್ ಎತ್ತಿಡುವುದಾಗಿ ಪ್ರಕಟಿಸಿತು. ಬಿಸಿಯಾಗಿ ತಣ್ಣಗಾಗಿ, ಮತ್ತೆ ಬಿಸಿಯಾಗಿ, ಸಿಲಿಕಾನ್ ತುಣುಕನ್ನು ಅದರ ತಳಕ್ಕೆ ಹಿಡಿದಿಡುವ ಸೂಕ್ಷ್ಮ ಬೆಸುಗೆ ಬಿರುಕು ಬಿಡುತ್ತಿತ್ತು. ಈ ಬಿರುಕು ಇರುವುದು ಚಿಪ್‌ನ ಒಳಗೆ. ಅಂಗಡಿಯಲ್ಲಿ ಬದಲಿಸುವುದು ಚಿಪ್ ಮತ್ತು ಬೋರ್ಡ್ ನಡುವಿನ ಗುಂಡುಗಳನ್ನು. ಬಿಸಿ ಕೊಟ್ಟಾಗ ಬಿರುಕು ತಾತ್ಕಾಲಿಕವಾಗಿ ಮುಚ್ಚಿಕೊಂಡು ಪರದೆ ಬೆಳಗುತ್ತದೆ, ಕೆಲವು ವಾರದಲ್ಲಿ ಮತ್ತೆ ತೆರೆಯುತ್ತದೆ. ಆಪಲ್ ಕೂಡ 2011ರ ಮ್ಯಾಕ್‌ಬುಕ್ ಪ್ರೊಗಳ ಗ್ರಾಫಿಕ್ಸ್ ತೊಂದರೆಗೆ 2015ರಲ್ಲಿ ಉಚಿತ ದುರಸ್ತಿ ಕಾರ್ಯಕ್ರಮ ನಡೆಸಬೇಕಾಯಿತು. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಹೊಸ ಚಿಪ್ ಹಾಕುತ್ತೀರೋ, ಇದ್ದದ್ದಕ್ಕೇ ಬಿಸಿ ಕೊಡುತ್ತೀರೋ? ಎರಡನೆಯದಾದರೆ ಹಣ ಕೊಡಬೇಡಿ. ಯೂಟ್ಯೂಬ್ ನೋಡಿ ಬೋರ್ಡ್ ಅನ್ನು ಅಡುಗೆಮನೆಯ ಓವನ್‌ಗಿಡುವ ಸಾಹಸವಂತೂ ಬೇಡವೇ ಬೇಡ, ಆ ಓವನ್‌ನಲ್ಲಿ ಆಮೇಲೆ ತಿನ್ನುವ ಪದಾರ್ಥ ಬೇಯಬೇಕು.

ಹೊಸ ಲ್ಯಾಪ್‌ಟಾಪ್‌ಗೇ ಮನಸ್ಸು ಮಾಡಿದವರು ಚಿಪ್‌ನ ಹೆಸರಿಗಿಂತ ಮೊದಲು ಮೂರು ವಿಷಯ ನೋಡಲಿ: 16 ಜಿಬಿ ರ‍್ಯಾಮ್ ಎರಡು ಪಟ್ಟಿಯಲ್ಲಿ ಇದೆಯೇ, ಮಕ್ಸ್ ಸ್ವಿಚ್ ಇದೆಯೇ, ಎಐ ಕೆಲಸವಿದ್ದರೆ ಪ್ರತ್ಯೇಕ ಚಿಪ್‌ಗೆ ಕನಿಷ್ಠ 6 ಜಿಬಿ ಸ್ವಂತ ನೆನಪು ಇದೆಯೇ. 2020ರಿಂದ ಬರುತ್ತಿರುವ ಆಪಲ್‌ನ ಎಂ ಸರಣಿಯಲ್ಲಿ ಡ್ರೈವರ್ ಜಗಳ ಎಂಬುದೇ ಇಲ್ಲ, ಒಂದೇ ಚಿಪ್, ಡ್ರೈವರ್ ಮ್ಯಾಕ್ಒಎಸ್ ಜೊತೆಗೇ ಬರುತ್ತದೆ. ಹಾಗೆಂದು ರ‍್ಯಾಮ್ ಆಮೇಲೆ ಹೆಚ್ಚಿಸಲಾಗದು. ಮತ್ತೆ ನಮ್ಮವರಿಗೆ ಇನ್ನೊಂದು ತೊಡಕಿದೆ: ವಧುವರರ ಹೆಸರನ್ನು ನುಡಿ ತಂತ್ರಾಂಶದಲ್ಲಿ ಬರೆದು ರೂಢಿಯಾದವರು, ಅದು ವಿಂಡೋಸ್‌ಗೆ ಮಾಡಿದ್ದು ಎಂಬುದನ್ನು ನೆನಪಿಟ್ಟುಕೊಂಡು ಹಣ ಎಣಿಸಬೇಕು.

ನನ್ನ ಲ್ಯಾಪ್‌ಟಾಪ್ ಹಳೆಯ ಡ್ರೈವರ್‌ಗೆ ಮರಳಿದ ಮೇಲೆ ಎರಡು ವರ್ಷ ಚೆನ್ನಾಗಿ ದುಡಿಯಿತು. ಆಮೇಲೆ ಬಯಾಸ್ ಪರದೆಯಲ್ಲೇ ನೇರಳೆ ಚುಕ್ಕೆಗಳು ಬಂದವು. ಮೇಲಿನ ಪ್ರಶ್ನೆ ಆಗ ನನಗೆ ತಿಳಿದಿರಲಿಲ್ಲ, ಬಿಸಿ ಕೊಡಿಸಿದೆ, ಐದು ವಾರ ನಡೆಯಿತು. ಈಗ ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತ್ಯೇಕ ಚಿಪ್ ಅನ್ನು ‘ಡಿಸೇಬಲ್’ ಮಾಡಿ ಒಳಗಿನ ಚಿಪ್ ಮೇಲೆ ಓಡಿಸುತ್ತಿದ್ದೇನೆ. ನನ್ನ ಸಹಾಯಕ ಹುಡುಗ ಅದರಲ್ಲಿ ಚಿತ್ರ ಆರಿಸುತ್ತಾನೆ, ಒಮ್ಮೆಯೂ ಬಿದ್ದಿಲ್ಲ. ಶುರುವಾಗುವಾಗ ಚುಕ್ಕೆಗಳು ಮಿನುಗಿ ಮಾಯವಾಗುತ್ತವೆ. ಎಚ್‌ಡಿಎಂಐ ಕಿಂಡಿಗೆ ಮಾತ್ರ ಜೀವವಿಲ್ಲ, ಅದು ಆ ಸತ್ತ ಚಿಪ್‌ಗೆ ಸೇರಿದ್ದು.